ಹೆರಿಗೆ ನೋವಿನಲ್ಲಿ ಚೆಂಡು, ಸೀರೆ, ಅಂಗೈ: ಯಾವುದು ಎಲ್ಲಿ, ಹೇಗೆ?

ಎಂಟನೇ ತಿಂಗಳಲ್ಲಿ, ನೋವಿನ ಹೊತ್ತಿಗೆ ಕೂತು ಸೊಂಟ ಆಡಿಸಲೆಂದು, ಆನ್‌ಲೈನಿನಲ್ಲಿ ದೊಡ್ಡದೊಂದು ಚೆಂಡು ತರಿಸಿ, ಕಲ್ಲಾಗುವಷ್ಟು ಗಾಳಿ ತುಂಬಿರುತ್ತಾರೆ. ಮುಂಬಯಿ ಪಕ್ಕದ ಡೊಂಬಿವಲಿಯ ವನ್ ರೂಮ್ ಕಿಚನ್ನಿನಲ್ಲಿ ಮನೆಮಂದಿಯೆಲ್ಲ ಅದನ್ನು ಎಡವಿಕೊಂಡು ಓಡಾಡುತ್ತಾರೆ. ನೋವು ಶುರುವಾದ ದಿನ ನೋಡಿದರೆ ಬಸುರಿ ಮಂಚದ ಮೇಲೆ ಅಂಗಾತ ಮಲಗಿರುತ್ತಾಳೆ, ಪಕ್ಕದಲ್ಲಿ ಕೂತವರು ಸೊಂಟ ನೀವುತ್ತಿರುತ್ತಾರೆ. ಚೆಂಡಿನ ಅಳತೆ ತಪ್ಪು, ಮಲಗಿದ್ದು ತಪ್ಪು, ಕೈಯಿಟ್ಟ ಜಾಗವೂ ತಪ್ಪು. ಮೂರರಲ್ಲಿ ಕೊನೆಯದನ್ನು ಮೊದಲು ಸರಿಪಡಿಸಿ. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಅಂಗಾತ ಮಲಗಿದರೆ ತುಂಬಿದ ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ವಾಪಸು ಒಯ್ಯುವ ದೊಡ್ಡ ಅಭಿಧಮನಿಯ ಮೇಲೆ ಬೀಳುತ್ತದೆ. ತಾಯಿಯ ಬಿಪಿ ಇಳಿದು ತಲೆ ಸುತ್ತಬಹುದು, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗಬಹುದು. ಹಾಸಿಗೆಗೆ ಒತ್ತಿಕೊಂಡ ಬಾಲಮೂಳೆ ಹಿಂದಕ್ಕೆ ಸರಿಯಲಾರದು. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2013ರ ಕಾಕ್ರೇನ್ ವಿಮರ್ಶೆಯ ಲೆಕ್ಕದಲ್ಲಿ, ಎದ್ದು ಓಡಾಡಿದ, ನೇರ ಕೂತ ತಾಯಂದಿರಿಗೆ ಹೆರಿಗೆಯ ಮೊದಲ ಹಂತ (ಗರ್ಭಕೋಶದ ಬಾಯಿ ಪೂರ್ತಿ ತೆರೆಯುವವರೆಗಿನ ಹೊತ್ತು) ಸರಾಸರಿ 1 ಗಂಟೆ 22 ನಿಮಿಷ ಬೇಗ ಮುಗಿದಿತ್ತು. ತೊಡಕಿಲ್ಲದ ಹೆರಿಗೆಯಲ್ಲಿ ಓಡಾಟಕ್ಕೆ, ನೇರ ಭಂಗಿಗೆ ಪ್ರೋತ್ಸಾಹ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಹೇಳಿದೆ.

ತೊಡಕಿದ್ದರೆ ಮಾತು ಬೇರೆ. ರಕ್ತ ಹೋಗುತ್ತಿದ್ದರೆ, ಗರ್ಭದ ನೀರು ಹಸಿರಾಗಿದ್ದರೆ, ಮಗುವಿನ ಮಿಸುಕಾಟ ಕಡಿಮೆಯಾಗಿದ್ದರೆ, ಬಿಪಿ ಏರಿ ತಲೆನೋವು ಬಂದಿದ್ದರೆ ಚೆಂಡು ಬದಿಗಿಟ್ಟು ಆಸ್ಪತ್ರೆಗೆ ಹೊರಡಿ. ನೀರು ಒಡೆದ ಮೇಲೆ ಹೊಕ್ಕುಳಬಳ್ಳಿ ಕೈಗೆ ತಾಕಿದರೆ ತಕ್ಷಣ ಮಂಡಿಯೂರಿ, ಎದೆ ನೆಲಕ್ಕೆ, ಪೃಷ್ಠ ಮೇಲಕ್ಕೆ. ಬಳ್ಳಿಯನ್ನು ಒಳಗೆ ತಳ್ಳಲು ಹೋಗಬೇಡಿ, 108ಕ್ಕೆ ಫೋನ್ ಮಾಡಿ.

ಚೆಂಡು

ಎತ್ತರ 5 ಅಡಿ 3 ಇಂಚಿನೊಳಗಿದ್ದರೆ ಸಾಮಾನ್ಯವಾಗಿ 55 ಸೆಂ.ಮೀ., ಅದಕ್ಕಿಂತ ಹೆಚ್ಚಿದ್ದರೆ 65. ಆದರೆ ಪೆಟ್ಟಿಗೆಯ ಮೇಲಿನ ಅಂಕಿಗಿಂತ ಕೂತು ನೋಡುವುದೇ ಸರಿಯಾದ ಪರೀಕ್ಷೆ: ಎರಡೂ ಪಾದ ಪೂರ್ತಿ ನೆಲಕ್ಕೆ ಊರಿರಬೇಕು, ಸೊಂಟ ಮಂಡಿಗಿಂತ ತುಸು ಮೇಲಿರಬೇಕು. ಮಂಡಿಯೇ ಮೇಲಾದರೆ ಚೆಂಡು ಚಿಕ್ಕದು, ಇಲ್ಲವೇ ಗಾಳಿ ಸಾಲದು.

ಮೊದಲ ದಿನ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ತುಂಬಿ ಬಿಡಿ. ಚೆಂಡು ಹಿಗ್ಗಲು ಒಂದು ದಿನ ಬೇಕು, ಉಳಿದದ್ದು ಮಾರನೇ ದಿನ. ಅಳೆಯಲು ಚೆಂಡನ್ನು ಗೋಡೆಗೆ ತಾಗಿಸಿ, ಮೇಲೆ ಒಂದು ಪುಸ್ತಕ ಅಡ್ಡ ಇಟ್ಟು, ಅದು ಗೋಡೆಗೆ ಮುಟ್ಟುವಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ; ನೆಲದಿಂದ ಗೀಟಿನವರೆಗಿನ ಎತ್ತರವೇ ಚೆಂಡಿನ ಅಳತೆ. ‘ಆಂಟಿ-ಬರ್ಸ್ಟ್’ (ತೂತಾದರೂ ಒಮ್ಮೆಲೇ ಒಡೆಯದ್ದು) ಎಂದು ಬರೆಯದ, ಎಷ್ಟು ಕಿಲೋ ತಡೆಯುತ್ತದೆಂದು ಹೇಳದ ಚೆಂಡು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಮಕ್ಕಳು ಕುಣಿಯುವ ಹಿಡಿಕೆಯ ಚೆಂಡಂತೂ ಬೇಡವೇ ಬೇಡ. ನಮ್ಮ ಫ್ಲ್ಯಾಟುಗಳ ನುಣುಪು ಟೈಲ್ಸಿನ ಮೇಲೆ ಯೋಗ ಮ್ಯಾಟ್ ಹಾಸಿ, ಚೆಂಡನ್ನು ಗೋಡೆಯ ಮೂಲೆಗೆ ಸೇರಿಸಿ ಇಡಿ. ಬರಿಗಾಲಿರಲಿ, ಸಾಕ್ಸ್ ಬೇಡ. ಕೂರುವಾಗ ಒಂದು ಕೈ ಚೆಂಡಿನ ಮೇಲೆ, ಹಿಂದೆ ಒಬ್ಬರು. ಕೂತ ಮೇಲೆ ಕುಣಿಯುವುದಲ್ಲ, ಸೊಂಟವನ್ನು ನಿಧಾನವಾಗಿ ಸುತ್ತ ತಿರುಗಿಸುವುದು, ಹಿಂದೆ ಮುಂದೆ ತೂಗುವುದು.

ಚೆಂಡಿಲ್ಲವೇ? ಕುರ್ಚಿಯ ಮೇಲೆ ಬೆನ್ನಿನ ಕಡೆ ಮುಖ ಮಾಡಿ ಕಾಲಗಲಿಸಿ ಕೂತು, ದಿಂಬಿನ ಮೇಲೆ ಒರಗಿದರೂ ಆದೀತು. ಕಮೋಡಿನ ಮೇಲೆ ಫ್ಲಶ್ ಟ್ಯಾಂಕಿನ ಕಡೆ ಮುಖ ಮಾಡಿ ಕೂರುವುದಂತೂ ದುಡ್ಡು ಕೊಟ್ಟು ತಂದ ಎಷ್ಟೋ ಸಾಮಾನಿಗಿಂತ ಮೇಲು.

ಸೀರೆ

ಹಳೆಯ ಕಾಟನ್ ಸೀರೆಯನ್ನು ಮಡಚಿ, ತುದಿಗೆ ದಪ್ಪ ಗಂಟು ಹಾಕಿ, ಗಂಟು ಬಾಗಿಲಿನ ಆಚೆ ಬರುವಂತೆ ಮೇಲಿನಿಂದ ಇಳಿಬಿಟ್ಟು ಬಾಗಿಲು ಹಾಕಿ. ನಿಲ್ಲಬೇಕಾದದ್ದು ಬಾಗಿಲು ನಿಮ್ಮಿಂದ ಆಚೆಗೆ ತೆರೆದುಕೊಳ್ಳುವ ಬದಿಯಲ್ಲಿ. ಆಗ ಎಳೆದಷ್ಟೂ ಅದು ಚೌಕಟ್ಟಿಗೆ ಬಿಗಿಯುತ್ತದೆ. ಹಿಡಿದು ಮಂಡಿ ಸಡಿಲಿಸಿ ಒರಗಿ, ಪೂರ್ತಿ ಜೋತು ಬೀಳಬೇಡಿ. ಫ್ಯಾನಿಗೆ, ಕಿಟಕಿಯ ಹೊರಚಾಚಿದ ಬಾಕ್ಸ್ ಗ್ರಿಲ್ಲಿಗೆ ಕಟ್ಟಲೇಬೇಡಿ.

ಅಂಗೈ: ಇಲ್ಲೇ ಎಲ್ಲರೂ ಎಡವುವುದು

ಮಗುವಿನ ತಲೆಯ ಹಿಂಭಾಗ ತಾಯಿಯ ಬೆನ್ನ ಕಡೆ ತಿರುಗಿದ್ದರೆ ನೋವು ಹೆಚ್ಚಾಗಿ ಬೆನ್ನಿಗೇ ಬರಬಹುದು. ಆಗ ಜೊತೆಗಿದ್ದವರು ಸೀರೆಯ ನೆರಿಗೆ ಕಟ್ಟುವ ಮಟ್ಟದಲ್ಲಿ, ಸೊಂಟದ ಮೆತ್ತನೆ ಭಾಗ ಒತ್ತುತ್ತಾರೆ. ಅಲ್ಲಿ ಒತ್ತಿ ಪ್ರಯೋಜನವಿಲ್ಲ. ಇನ್ನೂ ಕೆಳಗೆ ಬನ್ನಿ. ಪೃಷ್ಠದ ಮೇಲೆ ಎರಡು ಸಣ್ಣ ಗುಳಿಗಳು ಕಾಣುತ್ತವಲ್ಲ, ಅವುಗಳ ನಡುವಿನಿಂದ ಕೆಳಗಿಳಿಯುವ ಅಗಲ, ಗಟ್ಟಿ ಮೂಳೆ ತ್ರಿಕಾಸ್ಥಿ. ಒತ್ತಬೇಕಾದದ್ದು ಅದನ್ನು. ಅದರ ತುದಿಯ ಬಾಲಮೂಳೆಯನ್ನು ಮಾತ್ರ ಮುಟ್ಟಬೇಡಿ.

ಆಕೆ ಚೆಂಡಿನ ಮೇಲೋ ಮಂಚದ ಅಂಚಿಗೋ ಮುಂದಕ್ಕೆ ಒರಗಿ ಮಂಡಿಯೂರಲಿ. ನೀವು ಒಂದು ಕೈಯಿಂದ ಆಕೆಯ ಸೊಂಟದ ಮುಂದಿನ ಮೂಳೆಯನ್ನು ಹಿಡಿಯಿರಿ, ಇಲ್ಲದಿದ್ದರೆ ಒತ್ತಿದಾಗ ಆಕೆ ಮುಂದಕ್ಕೆ ಜಾರುತ್ತಾಳೆ. ಇನ್ನೊಂದು ಅಂಗೈಯ ಬುಡವನ್ನು ತ್ರಿಕಾಸ್ಥಿಯ ಮೇಲಿಟ್ಟು, ಮೊಣಕೈ ನೇರ ಮಾಡಿ, ಒಂದು ಕಾಲು ಮುಂದಿಟ್ಟು, ಮೈಭಾರ ಬಿಡಿ. ತೋಳಿನ ಬಲದಿಂದ ಒತ್ತುವವರು ಹತ್ತನೇ ನೋವಿಗೆ ಸುಸ್ತಾಗುತ್ತಾರೆ. ಮುಂದೆ ಇನ್ನೂ ಹಲವು ಗಂಟೆಗಳಿರುತ್ತವೆ. ಉಜ್ಜುವುದಲ್ಲ, ತಿಕ್ಕುವುದಲ್ಲ, ಒಂದೇ ಸಮ ಒತ್ತಿ ಹಿಡಿಯುವುದು. ಎಣ್ಣೆ ಬೇಡ, ಕೈ ಜಾರುತ್ತದೆ. ನೋವು ಏಳುವ ಮೊದಲ ಸುಳಿವಿಗೇ ಕೈಯಿಡಿ. ನೋವು ಏರಿದ ಮೇಲೆ ಇಟ್ಟರೆ ತಡವಾಯಿತು. ‘ಸ್ವಲ್ಪ ಮೇಲೆ’, ‘ಇನ್ನೂ ಜೋರಾಗಿ’ ಎಂದು ಆಕೆ ಹೇಳಿದಂತೆ ಬದಲಿಸಿ.

ಇಬ್ಬದಿ ಒತ್ತುವ ವಿಧಾನ ನನಗೆ ಇದಕ್ಕಿಂತಲೂ ಇಷ್ಟ. ಸೊಂಟದ ಮೇಲಂಚಿನ ಮೂಳೆಯನ್ನು ಹುಡುಕಿ, ಅಲ್ಲಿಂದ ಕೆಳಕ್ಕೂ ಹಿಂದಕ್ಕೂ ಸರಿದು ಪೃಷ್ಠದ ಮಾಂಸಲ ಬದಿಗಳಿಗೆ ಎರಡೂ ಅಂಗೈ ಇಡಿ. ಬೆರಳುಗಳು ಒಳಗೆ, ಮೊಣಕೈ ಹೊರಗೆ. ಎರಡೂ ಅಂಗೈಗಳನ್ನು ಒಂದರ ಕಡೆಗೊಂದು, ತುಸು ಮೇಲ್ಮುಖವಾಗಿ ಒತ್ತಿ. ಮೇಲಂಚಿನ ಮೂಳೆಯನ್ನೇ ಹಿಂಡಿದರೆ ಆಕೆ ನಿಮ್ಮ ಕೈ ತಳ್ಳಿಬಿಡುತ್ತಾಳೆ, ಸರಿಯಾಗಿಯೇ.

ಇದನ್ನು ಯಾರು ಕಲಿಯಬೇಕು? ಗಂಡ ಮಾತ್ರ ಕಲಿತರೆ ಸಾಲದು. ಹೆರಿಗೆ ಕೋಣೆಯ ಜೊತೆಗಾತಿಯ ಬಗ್ಗೆ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಕೊಟ್ಟ ಸೂಚನೆ ಹೆಂಗಸರನ್ನೇ ಮೊದಲು ಹೇಳುತ್ತದೆ. ಮರೆ ಇರುವ ಕಡೆ ಮಾತ್ರ ಗಂಡನಿಗೆ ಪ್ರವೇಶ. ಮುಂಬಯಿಯ ಸಾಲುಮಂಚದ ಸರಕಾರಿ, ಪಾಲಿಕೆ ಆಸ್ಪತ್ರೆಗಳಲ್ಲಿ ಆ ಮರೆ ಸಿಗುವುದು ಕಷ್ಟ. ಊರಿನಿಂದ ಬರುವ ತಾಯಿಗೋ ಅತ್ತಿಗೆಗೋ ಒಂಬತ್ತನೇ ತಿಂಗಳಲ್ಲೇ ಕೈಹಿಡಿದು ತೋರಿಸಿ.

ಆಸ್ಪತ್ರೆಯಲ್ಲಿ

ಹೆಸರು ಬರೆಸುವಾಗಲೇ ಕೇಳಿ: ನೋವಿನ ಹೊತ್ತಿಗೆ ಓಡಾಡಬಹುದೇ, ಚೆಂಡು ಇದೆಯೇ, ತರಬಹುದೇ? ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸಲು ಕೇಂದ್ರ ಸರಕಾರ 2017ರಲ್ಲಿ ಶುರುಮಾಡಿದ ಲಕ್ಷ್ಯ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳಲ್ಲಿ ಜೊತೆಗಾತಿಗೂ ತಾಯಿ ಒಪ್ಪುವ ಭಂಗಿಗೂ ಅವಕಾಶ ಇರಬೇಕು. ಮಲಗಲೇಬೇಕೆಂದರೆ ಮಾವಶಿಗೆ (ವಾರ್ಡಿನ ಆಯಾಗೆ) ಮರಾಠಿಯಲ್ಲಿ ‘ಕುಶೀವರ್ ಝೋಪತೆ’, ಅಂದರೆ ಮಗ್ಗುಲಾಗಿ ಮಲಗುತ್ತೇನೆ, ಎಂದು ಹೇಳಿ ಎಡಮಗ್ಗುಲಾಗಿ ಮಲಗಿ. ಅರ್ಧ ಗಂಟೆಗೊಮ್ಮೆ ಭಂಗಿ ಬದಲಿಸಿ, ಗಂಟೆಗೊಮ್ಮೆಯಾದರೂ ಮೂತ್ರಕ್ಕೆ ಹೋಗಿ. ತುಂಬಿದ ಮೂತ್ರಕೋಶ ಮಗುವಿನ ದಾರಿಗೆ ಅಡ್ಡ.

ಎಪಿಡ್ಯೂರಲ್ (ನೋವು ಗೊತ್ತಾಗದಂತೆ ಬೆನ್ನಿಗೆ ಕೊಡುವ ಮದ್ದು) ತೆಗೆದುಕೊಂಡವರು ಸಿಬ್ಬಂದಿ ಹೇಳದೆ ನಿಲ್ಲಬಾರದು, ಬಿಸಿನೀರಿನ ಚೀಲವೂ ಬೇಡ: ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಅವರಿಗೆ ಹೇಳಿ ಮಾಡಿಸಿದ್ದು ಕಡಲೆಕಾಯಿ ಆಕಾರದ ಚೆಂಡು; ಗಿಡ್ಡ ಮೈಕಟ್ಟಿಗೆ 40 ಸೆಂ.ಮೀ. ಸಾಕು. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ಮಡಚಿ ಅದರ ಮೇಲಿಡಿ. ಮಂಡಿಗಷ್ಟೇ ಆಸರೆ ಕೊಟ್ಟು ಪಾದ ಜೋತುಬಿಡಬೇಡಿ, ಎರಡೂ ಒಂದೇ ಮಟ್ಟದಲ್ಲಿರಲಿ. ಎರಡು ಗಟ್ಟಿ ದಿಂಬುಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿದರೂ ಇದೇ ಕೆಲಸ.

ಮಗುವನ್ನು ಹೊರತಳ್ಳಲು ಮುಕ್ಕುವ ಹೊತ್ತಿಗೆ

ಕಾಲು ಅಗಲಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಅರ್ಧ ಸತ್ಯ. ಮಂಡಿ ಹೊರಗೆ ತಿರುಗಿದರೆ ಸೊಂಟದ ಗೂಡಿನ ಮೇಲಿನ ಬಾಯಿ ಹಿಗ್ಗುತ್ತದೆ. ತಲೆ ಕೆಳಗಿಳಿದ ಮೇಲೆ ಬೇಕಾದದ್ದು ಕೆಳಬಾಯಿ, ಅದು ಹಿಗ್ಗಲು ಮಂಡಿ ಒಳಗೆ, ಹಿಮ್ಮಡಿ ಹೊರಗೆ ಇರಬೇಕು. ಅಂಬೆಗಾಲಿನಲ್ಲೂ ಮಗ್ಗುಲಲ್ಲೂ ಇದು ಸುಲಭ. ಎಪಿಡ್ಯೂರಲ್ ಇಲ್ಲದೆ ನೇರ ಭಂಗಿಯಲ್ಲಿ ಹೆತ್ತರೆ ಇಕ್ಕಳ ಬಳಸುವುದು, ಯೋನಿದ್ವಾರ ಕತ್ತರಿಸಿ ಹೊಲಿಯುವುದು ಕಡಿಮೆ, ಆದರೆ ರಕ್ತಸ್ರಾವ ಸ್ವಲ್ಪ ಹೆಚ್ಚಬಹುದು. ಹೆರಿಗೆ ಸ್ಟೂಲಿನ (ನಡುವೆ ತೆರವಿರುವ ತಗ್ಗು ಪೀಠ) ಮೇಲೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಸಮ ಕೂರಬೇಡಿ, ಕೆಳಭಾಗ ಊದಿಕೊಳ್ಳುತ್ತದೆ. ಮಗು ಹೊರಬಂದ ಮೇಲೆ ಮಂಚಕ್ಕೆ ಸರಿಯಿರಿ. ಎಷ್ಟು ರಕ್ತ ಹೋಗುತ್ತಿದೆ ಎಂಬುದು ಅಲ್ಲಿ ನರ್ಸಿನ ಕಣ್ಣಿಗೆ ಸರಿಯಾಗಿ ಕಾಣುತ್ತದೆ.