ಮನೆಯ ಮರಗೆಲಸದ ಶೆಡ್ಡಿಗೆ ದೂಳು ಹೀರುವ ವ್ಯವಸ್ಥೆ: ನನ್ನ ಅನುಭವ

ದೂಳು ಹೀರುವ ಯಂತ್ರ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಎಚ್‌ಪಿ?’ ಎಂದು. ನಾನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ. ಯಾವ ಯಂತ್ರ ಎಂಥ ದೂಳು ಉಗುಳುತ್ತದೆ, ಆ ದೂಳನ್ನು ಎಳೆದು ತಂದ ಗಾಳಿ ಕೊನೆಗೆ ಎಲ್ಲಿಗೆ ಹೋಗಬೇಕು ಎಂಬ ಎರಡು ಸಂಗತಿ ತೀರ್ಮಾನವಾದ ಮೇಲೆ ಮೋಟಾರಿನ ಲೆಕ್ಕ ತಾನಾಗಿಯೇ ಬಂತು.

ನನ್ನ ಕೆಲಸ ನಡೆಯುವುದು ಮೈಸೂರಿನ ಮನೆಯ ಹಿಂಬದಿಯಲ್ಲಿ, ಒಂದು ಕಾರು ನಿಲ್ಲುವಷ್ಟು ಜಾಗದ ಶೆಡ್ಡಿನಲ್ಲಿ. ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸ), ಹಲಗೆಯನ್ನು ಒಂದೇ ದಪ್ಪಕ್ಕೆ ಹೆರೆಯುವ ಥಿಕ್‌ನೆಸರ್, ಸಣ್ಣ ಬ್ಯಾಂಡ್ ಸಾ (ಪಟ್ಟಿ ಗರಗಸ), ಅಂಚು ಕೊರೆಯುವ ರೂಟರ್, ಉಜ್ಜಿ ನಯಮಾಡುವ ಸ್ಯಾಂಡರ್ ಇವೆ. ಮರವೆಂದರೆ ಹೆಚ್ಚಾಗಿ ಕೆಡವಿದ ಹಳೆಯ ಮನೆಗಳ ತೇಗದ ತೊಲೆ, ಬಾಗಿಲು, ಆಗಾಗ ಹಲಸು, ಕಪಾಟಿನ ಕೆಲಸಕ್ಕೆ ಪ್ಲೈವುಡ್, ಮರದ ನಾರಿಗೆ ಅಂಟು ಬೆರೆಸಿ ಒತ್ತಿದ ಎಂಡಿಎಫ್ ಹಲಗೆ. ಥಿಕ್‌ನೆಸರ್ ಕೆಲವೇ ನಿಮಿಷಗಳಲ್ಲಿ ಚೀಲ ತುಂಬುವಷ್ಟು ಹೆರೆ ಉದುರಿಸುತ್ತದೆ. ನೋಡಲು ಭಯವಾದರೂ ಅದು ನೆಲಕ್ಕೆ ಬೀಳುವ ಕಸ, ಶ್ವಾಸಕೋಶಕ್ಕೆ ಇಳಿಯುವುದಿಲ್ಲ. ನನಗೆ ಭಯವಿರುವುದು ಸ್ಯಾಂಡರ್ ಮತ್ತು ಎಂಡಿಎಫ್ ಮೇಲೆ ಓಡುವ ರೂಟರ್ ಕಂಡರೆ. ಹತ್ತು ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣ ಕಣ ಕಣ್ಣಿಗೆ ಕಾಣುವುದಿಲ್ಲ; ಯಂತ್ರ ನಿಲ್ಲಿಸಿದ ಮೇಲೂ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ, 1995ರಲ್ಲಿಯೇ ಮರದ ದೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ತೇಗ, ಬೀಟೆಗಳ ದೂಳು ಹಲವರಿಗೆ ಚರ್ಮದ ತುರಿಕೆಯನ್ನೂ ತರುತ್ತದೆ. ಹವ್ಯಾಸಕ್ಕೆಂದು ಮಾಡುವ ಕೆಲಸ ಎದೆಗೂಡನ್ನು ಕೆಡಿಸಬಾರದು ಎಂಬುದು ನನ್ನ ಹಟ.

ಅಂಗಡಿಯಲ್ಲಿ ಸಿಗುವುದು ಎರಡು ಜಾತಿಯ ಯಂತ್ರಗಳು. ವರ್ಕ್‌ಶಾಪ್ ವ್ಯಾಕ್ಯೂಮ್ ಎಳನೀರಿಗೆ ಸ್ಟ್ರಾ ಹಾಕಿ ಹೀರಿದಂತೆ ಹೀರುತ್ತದೆ: ಸೆಳೆತ ಬಲವಾದದ್ದು, ಗಾಳಿ ಕಡಿಮೆ. ಸಣ್ಣ ಕೊಳವೆಯಲ್ಲಿ ಹರಿಯುವುದು ಹೆಚ್ಚೆಂದರೆ ನೂರು ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಆಸುಪಾಸು. ಡಸ್ಟ್ ಕಲೆಕ್ಟರ್ ಇದಕ್ಕೆ ತದ್ವಿರುದ್ಧ. ದೊಡ್ಡ ಫ್ಯಾನ್, ದಪ್ಪ ಕೊಳವೆ, ಹೇರಳ ಗಾಳಿ, ಆದರೆ ಸೆಳೆತ ದುರ್ಬಲ. ಅದನ್ನು ಸ್ಯಾಂಡರಿನ ಕಿರಿದಾದ ಬಾಯಿಗೆ ಸಿಕ್ಕಿಸಿದರೆ ಗಾಳಿಯೇ ಹರಿಯುವುದಿಲ್ಲ; ವ್ಯಾಕ್ಯೂಮನ್ನು ಥಿಕ್‌ನೆಸರಿಗೆ ಸಿಕ್ಕಿಸಿದರೆ ಹೆರೆ ಕಟ್ಟಿಕೊಳ್ಳುತ್ತದೆ. ಒಂದೇ ಯಂತ್ರದಲ್ಲಿ ಎರಡೂ ಕೆಲಸ ಮಾಡಿಸುವ ಆಸೆಯನ್ನು ಬಿಟ್ಟೆ. ಸ್ಯಾಂಡರ್, ರೂಟರುಗಳಿಗೆ ಅತಿ ಸಣ್ಣ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರಿನ ವ್ಯಾಕ್ಯೂಮ್, ಉಳಿದ ಮೂರಕ್ಕೆ ಡಸ್ಟ್ ಕಲೆಕ್ಟರ್ ಎಂದು ನಿರ್ಧರಿಸಿದೆ.

ಡಸ್ಟ್ ಕಲೆಕ್ಟರಿನ ಗಾತ್ರವನ್ನು ಕೊಳವೆಯಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಹೊಟ್ಟು ದಾರಿಯಲ್ಲಿ ಕೂರದೆ ಸಾಗಬೇಕಾದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 20 ಮೀಟರ್ ಇರಬೇಕು. ನಾಲ್ಕಿಂಚಿನ ಕೊಳವೆಯಲ್ಲಿ ಆ ವೇಗವೆಂದರೆ ಹತ್ತಿರ ಹತ್ತಿರ 350 ಸಿಎಫ್‌ಎಂ, ಅಂದರೆ ಗಂಟೆಗೆ 600 ಘನ ಮೀಟರ್. ಪೆಟ್ಟಿಗೆಯ ಮೇಲೆ ಸಾವಿರಕ್ಕೂ ಹೆಚ್ಚು ಸಿಎಫ್‌ಎಂ ಎಂದು ಬರೆದಿರುತ್ತಾರೆ. ಅದು ಸಾಮಾನ್ಯವಾಗಿ ಕೊಳವೆ, ಫಿಲ್ಟರುಗಳ ತಡೆಯಿಲ್ಲದೆ ಅಳೆದ ಸಂಖ್ಯೆ. ಇನ್ನೊಂದು ಸಂಗತಿ ನಮ್ಮ ದೇಶದವರು ತಪ್ಪದೆ ಗಮನಿಸಬೇಕಾದದ್ದು. ಅಮೆರಿಕದ ವಿದ್ಯುತ್ತು 60 ಹರ್ಟ್ಜ್, ನಮ್ಮದು 50. ಅಲ್ಲಿ ನಿಮಿಷಕ್ಕೆ 3450 ಸುತ್ತುವ ಮೋಟಾರು ಇಲ್ಲಿ 2850ರ ಆಸುಪಾಸಿನಲ್ಲಿ ಸುತ್ತುತ್ತದೆ. ಅದೇ ಫ್ಯಾನಿನಿಂದ ಬರುವ ಗಾಳಿ ಆರನೇ ಒಂದು ಪಾಲಿನಷ್ಟು, ಸೆಳೆತ ಹೆಚ್ಚು ಕಡಿಮೆ ಮೂರನೇ ಒಂದು ಪಾಲಿನಷ್ಟು ಇಳಿಯುತ್ತದೆ. ಅಲ್ಲಿನವರು ಒಂದೂವರೆ ಎಚ್‌ಪಿ ಸಾಕೆಂದರೆ ನಮಗೆ ಸಾಕಾಗಬೇಕೆಂದಿಲ್ಲ. ನಾನು ಎರಡು ಎಚ್‌ಪಿ, ಸಿಂಗಲ್ ಫೇಸ್ ತೆಗೆದುಕೊಂಡೆ.

ಇನ್ನು ಗಾಳಿ ಹೋಗುವ ದಾರಿ. ಇಡೀ ಯೋಜನೆಯಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೇ. ಅಗ್ಗದ ಕಲೆಕ್ಟರುಗಳ ಬಟ್ಟೆ ಚೀಲ 30 ಮೈಕ್ರಾನಿನವರೆಗಿನ ಕಣಗಳನ್ನು ಸೋಸದೆ ಬಿಡುತ್ತದೆ. ಕಸ ಚೀಲದಲ್ಲಿ ಉಳಿದು, ವಿಷ ನಮ್ಮ ಮುಖದ ಎತ್ತರದಲ್ಲೇ ಮತ್ತೆ ಕೋಣೆಗೆ ಬರುತ್ತದೆ. ಮಡಿಕೆಗಳಿರುವ ಕಾರ್ಟ್ರಿಜ್ ಫಿಲ್ಟರ್ ಎಷ್ಟೋ ಮೇಲು. ಆದರೆ ಅದು ಬೇಗ ಕಟ್ಟಿಕೊಳ್ಳುತ್ತದೆ, ಆಷಾಢದ ತೇವದಲ್ಲಿ ದೂಳು ಮಡಿಕೆಗಳಿಗೆ ಅಂಟಿ ಕೂರುತ್ತದೆ. ಚಳಿ ದೇಶದವರಿಗೆ ಇದು ಅನಿವಾರ್ಯ, ಏಕೆಂದರೆ ಗಾಳಿಯನ್ನು ಹೊರಗೆ ಬಿಟ್ಟರೆ ಕಾಸಿದ ಬಿಸಿಯೂ ಅದರೊಂದಿಗೆ ಹೋಗುತ್ತದೆ. ಮೈಸೂರಿನಲ್ಲಿ ಶೆಡ್ಡು ಕಾಸುವವರು ಯಾರು? ನಾನು ಫಿಲ್ಟರನ್ನೇ ಕಳಚಿ, ಫ್ಯಾನನ್ನು ಹಿಂದಿನ ಗೋಡೆಯಾಚೆ ತಗಡಿನ ಮಾಡಿನ ಕೆಳಗೆ ಕೂರಿಸಿ, ಗಾಳಿಯನ್ನು ಹೊರಗೇ ಬಿಟ್ಟೆ. ನಮ್ಮ ಹವೆಯಲ್ಲಿ ಸ್ವಂತ ಅಂಗಳವಿರುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದು ಖಚಿತವಾಗಿ ಹೇಳುತ್ತೇನೆ. ಅಪಾರ್ಟ್‌ಮೆಂಟಿನವರಿಗೆ ಈ ಮಾತು ಹೊಂದದು. ಅವರು ಫಿಲ್ಟರಿಗೇ ಹಣ ಹಾಕಬೇಕು.

ಹೊರಗೆ ಬಿಡುವುದಕ್ಕೂ ಶಿಸ್ತಿದೆ. ಹೊರಹೋಗುವಷ್ಟೇ ಗಾಳಿ ಒಳಗೂ ಬರಬೇಕು. ಎದುರಿನ ಕಿಟಕಿ ತೆರೆಯದಿದ್ದರೆ ಸೆಳೆತ ಕುಸಿಯುತ್ತದೆ. ಅದೇ ಗಾಳಿಯ ದಾರಿಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದರ ಹೊಗೆ ಹಿಂದಕ್ಕೆ ಎಳೆದು ಬರಬಹುದು, ಅದು ಜೀವಕ್ಕೇ ಅಪಾಯ. ಪಕ್ಕದ ಮನೆಯವರು ಬಟ್ಟೆ ಒಣಗಿಸುವ ಕಡೆಗೆ ಕೊಳವೆಯ ಬಾಯಿ ತಿರುಗಿರಬಾರದು. ಫ್ಯಾನಿನ ಸದ್ದೂ ಗೋಡೆಯಾಚೆ ಹೋಗಿರುವುದರಿಂದ ಸಂಜೆಯ ಮೇಲೆ ನಾನು ಅದನ್ನು ಓಡಿಸುವುದಿಲ್ಲ.

ಹೊಟ್ಟೆಲ್ಲ ಅಂಗಳಕ್ಕೆ ಹಾರದಂತೆ ಫ್ಯಾನಿಗಿಂತ ಮೊದಲು 200 ಲೀಟರಿನ ಕಬ್ಬಿಣದ ಡ್ರಮ್ ಇಟ್ಟಿದ್ದೇನೆ. ಅದರ ಮುಚ್ಚಳದಲ್ಲಿ ಪ್ಲೈವುಡ್ಡಿನಿಂದ ನಾನೇ ಮಾಡಿದ ಥೀನ್ ಬ್ಯಾಫಲ್, ಅಂದರೆ ಹೊಟ್ಟನ್ನು ಗಾಳಿಯಿಂದ ಬೇರ್ಪಡಿಸುವ ತಡೆಹಲಗೆ, ಇದೆ. ಗಾಳಿ ಅಂಚಿಗೆ ತಾಗಿಕೊಂಡು ಒಳಹೊಕ್ಕು ಸುತ್ತು ಹೊಡೆಯುತ್ತದೆ. ಭಾರದ ಹೊಟ್ಟು ಅಂಚಿಗೆ ಸರಿದು, ವೃತ್ತದ ಮೂರನೇ ಎರಡು ಭಾಗದಷ್ಟು ಉದ್ದಕ್ಕೆ ಕೊರೆದ ಸುಮಾರು 28 ಮಿಲಿಮೀಟರ್ ಅಗಲದ ಸೀಳಿನಿಂದ ಡ್ರಮ್ಮಿಗೆ ಬೀಳುತ್ತದೆ. ಗಾಳಿ ನಡುವಿನ ಕೊಳವೆಯಿಂದ ಮೇಲೆ ಹೋಗುತ್ತದೆ. ವ್ಯಾಕ್ಯೂಮಿಗೆ, ಗಾಳಿಯನ್ನು ಸುಳಿಯಂತೆ ತಿರುಗಿಸಿ ಹೊಟ್ಟನ್ನು ಕೆಳಗೆ ಬೀಳಿಸುವ ಚಿಕ್ಕ ಪ್ಲಾಸ್ಟಿಕ್ ಸೈಕ್ಲೋನನ್ನು 20 ಲೀಟರಿನ ಪೇಂಟ್ ಬಕೆಟ್ಟಿನ ಮೇಲೆ ಕೂರಿಸಿದೆ. ಬಕೆಟ್ ದಪ್ಪನೆಯದಾಗಿರಲಿ, ಕೊಳವೆ ಕಟ್ಟಿಕೊಂಡಾಗ ತೆಳ್ಳನೆಯದು ಒಳಕ್ಕೆ ಚಪ್ಪಟೆಯಾಗುತ್ತದೆ.

ಕೊಳವೆಗೆ ಮಳೆನೀರಿಗೆ ಬಳಸುವ 110 ಮಿಲಿಮೀಟರಿನ ಪಿವಿಸಿ ಪೈಪು ಸಾಕು. ಸುಕ್ಕಿನ ಹೋಸ್ ಗಾಳಿಯನ್ನು ಬಹಳ ತಡೆಯುತ್ತದೆ, ಅದನ್ನು ಕೊನೆಯ ಮೊಳದುದ್ದಕ್ಕೆ ಮಾತ್ರ ಬಳಸಿದೆ. ತಿರುವಿನಲ್ಲಿ ತೊಂಬತ್ತು ಡಿಗ್ರಿಯ ಒಂದು ಮೊಣಕೈ ಬದಲು ನಲವತ್ತೈದರ ಎರಡು. ಶಿವರಾತ್ರಿಯ ಹೊತ್ತಿನ ಒಣಹವೆಯಲ್ಲಿ ಪ್ಲಾಸ್ಟಿಕ್ ಕೊಳವೆ ಮುಟ್ಟಿದರೆ ಸ್ಥಿರವಿದ್ಯುತ್ತು ಚುರುಕ್ಕೆನ್ನುತ್ತದೆ. ಉದ್ದಕ್ಕೂ ತಾಮ್ರದ ತಂತಿ ಸುತ್ತಿ ಅರ್ಥಿಂಗ್‌ಗೆ ಜೋಡಿಸಿದ ಮೇಲೆ ಕಡಿಮೆಯಾಯಿತು. ನನ್ನಂಥ ಚಿಕ್ಕ ಶೆಡ್ಡಿಗೆ ಅದಕ್ಕಿಂತ ನಿಜವಾದ ಅಪಾಯ ಹಳೆಯ ತೇಗದಲ್ಲಿ ಅಡಗಿರುವ ಮೊಳೆ. ಗರಗಸಕ್ಕೆ ಸಿಕ್ಕಿ ಕಿಡಿಯಾಗಿ ಡ್ರಮ್ಮಿಗೆ ಬಿದ್ದರೆ ಹೊಟ್ಟು ರಾತ್ರಿಯಿಡೀ ಒಳಗೊಳಗೇ ಹೊಗೆಯಾಡುತ್ತ ಉರಿಯಬಹುದು. ಆದ್ದರಿಂದ ಲೋಹ ಪತ್ತೆ ಹಚ್ಚುವ ಉಪಕರಣ ಆಡಿಸದೆ ಯಾವ ತೊಲೆಯನ್ನೂ ಯಂತ್ರಕ್ಕೆ ಕೊಡುವುದಿಲ್ಲ, ಕೆಲಸ ಮುಗಿದ ದಿನವೇ ಡ್ರಮ್ ಖಾಲಿ ಮಾಡುತ್ತೇನೆ.

ವಿದ್ಯುತ್ತಿನ ಬಗ್ಗೆ ಒಂದೇ ಮಾತು: ಕಲೆಕ್ಟರ್ ಸುಮಾರು ಒಂಬತ್ತು ಆಂಪಿಯರ್ ಎಳೆಯುತ್ತದೆ, ಟೇಬಲ್ ಸಾ ಕೂಡ ಹೆಚ್ಚು ಕಡಿಮೆ ಅಷ್ಟೇ. ಎರಡಕ್ಕೂ ಬೇರೆ ಬೇರೆ ಲೈನ್, ಬೇರೆ ಎಂಸಿಬಿ ಹಾಕಿಸಬೇಕು.

ಇಷ್ಟೆಲ್ಲ ಆದರೂ ಉಪ್ಪುಕಾಗದ ಹಿಡಿದು ಕೈಯಿಂದ ಉಜ್ಜುವಾಗ, ಡ್ರಮ್ ಬರಿದು ಮಾಡುವಾಗ ಎನ್95 ಮಾಸ್ಕ್ ಮುಖದ ಮೇಲಿರುತ್ತದೆ. ಬಟ್ಟೆಯ ಮೇಲಿನ ದೂಳನ್ನು ಶೆಡ್ಡಿನೊಳಗೆ ಬ್ಲೋವರಿನಿಂದ ಊದುವುದಿಲ್ಲ. ತೇಗ, ಹಲಸಿನ ಹೊಟ್ಟು ಬಚ್ಚಲಿನ ಹೊಟ್ಟಿನ ಒಲೆಗೆ ಹೋಗುತ್ತದೆ. ಪ್ಲೈವುಡ್, ಎಂಡಿಎಫ್ ಕೊಯ್ಯುವ ದಿನ ಬೇರೆ ಚೀಲ ಇಡುತ್ತೇನೆ. ಅಂಟು ಬೆರೆತ ಆ ಹೊಟ್ಟನ್ನು ಒಲೆಗೂ ಹಾಕಬಾರದು, ಗೊಬ್ಬರದ ಗುಂಡಿಗೂ ಹಾಕಬಾರದು.