ಮನೆಯಲ್ಲಿ ಬಿಪಿ ನೋಡುವುದು ಹೇಗೆ? ಏಳು ದಿನದ ಪುಸ್ತಕದ ಲೆಕ್ಕ

"ಸುಮ್ನೆ ನನ್ನ ಬಿಪಿ ಏರಿಸಬೇಡ" ಅಂತ ನಾವು ದಿನಕ್ಕೆ ಎಷ್ಟು ಸಲ ಹೇಳುತ್ತೇವೋ! ಮಗ ಹೋಂವರ್ಕ್ ಮಾಡದಿದ್ದರೆ ಬಿಪಿ, ಸಿಗ್ನಲ್ಲಿನಲ್ಲಿ ಹಿಂದಿನವನು ಹಾರ್ನ್ ಹೊಡೆದರೆ ಬಿಪಿ. ಹೇಳಿ ಹೇಳಿ ಬಿಪಿ ಅಂದರೆ ಸಿಟ್ಟು ಅಂತಲೇ ಆಗಿಬಿಟ್ಟಿದೆ. "ನಮ್ಮನೆಯವರು ತುಂಬಾ ತಣ್ಣಗಿನ ಮನುಷ್ಯ, ಅವರಿಗೆಲ್ಲಿಯ ಬಿಪಿ" ಎಂದು ನಂಬಿಕೊಂಡು ಕೂತವರು ಅದಕ್ಕೇ ಜಾಸ್ತಿ.

ಸಿಟ್ಟು ಬಂದಾಗ ರಕ್ತದ ಒತ್ತಡ ಏರುವುದು ನಿಜ. ಸಿಟ್ಟು ಇಳಿದ ಮೇಲೆ ಅದೂ ಇಳಿಯುತ್ತದೆ. ಅದು ಕಾಯಿಲೆ ಅಲ್ಲ. ಜಗಲಿಯಲ್ಲಿ ಆರಾಮಾಗಿ ಕೂತಿದ್ದಾಗಲೂ ಒತ್ತಡ ಜಾಸ್ತಿಯೇ ಇದ್ದರೆ, ದಿನವೂ ಹಾಗೇ ಇದ್ದರೆ, ಅದು ಕಾಯಿಲೆ. ಬಹಳ ಮಂದಿಗೆ ಅದು ಗೊತ್ತೇ ಆಗುವುದಿಲ್ಲ. ತಲೆ ನೋಯುವುದಿಲ್ಲ, ಕಣ್ಣು ಕತ್ತಲೆ ಬರುವುದಿಲ್ಲ. ಒಳಗೊಳಗೇ ಹೃದಯ, ಮೂತ್ರಪಿಂಡ, ಮೆದುಳು, ಕಣ್ಣುಗಳ ರಕ್ತನಾಳ ಸವೆಯುತ್ತಿರುತ್ತವೆ. ಹಾಗಾಗಿ ಮೈ ಏನು ಹೇಳುತ್ತದೆ ಅಂತ ಕಾಯುವ ಹಾಗಿಲ್ಲ. ಅಳೆದೇ ನೋಡಬೇಕು.

ಅಳೆಯುವುದರಲ್ಲೂ ಎಡವಟ್ಟು ಆಗುತ್ತದೆ. ನಮ್ಮಪ್ಪನ ಕಥೆಯನ್ನೇ ಕೇಳಿ. ಒಂದು ಕ್ಲಿನಿಕ್ಕಿಗೆ ಮಂಡಿನೋವು ಅಂತ ಹೋಗಿದ್ದರು. ಎರಡು ಮಹಡಿ ಮೆಟ್ಟಿಲು ಹತ್ತಿದ್ದರು. ಕೂತ ತಕ್ಷಣ ಶರ್ಟಿನ ತೋಳಿನ ಮೇಲೇ ಪಟ್ಟಿ ಸುತ್ತಿದರು. ಪಟ್ಟಿ ಉಬ್ಬುತ್ತಿರುವಾಗಲೇ ಅಪ್ಪ ಫೋನಿನಲ್ಲಿ ಅಡಿಕೆ ರೇಟು ಮಾತಾಡುತ್ತಿದ್ದರು. 168/96 ಬಂತು. ಮನೆಗೆ ಬಂದವರು ಮಂಕಾಗಿ ಕೂತರು. ನಮ್ಮ ಮಾಮೂಲಿ ಡಾಕ್ಟರು ಮಾತ್ರ, "ಒಂದು ವಾರ ಮನೆಯಲ್ಲಿ ನೋಡಿ ಬರೆದುಕೊಂಡು ಬನ್ನಿ, ಆಮೇಲೆ ಮಾತಾಡೋಣ" ಅಂದರು. ಆ ಒಂದು ವಾರದಲ್ಲಿ ನಾನು ಕಲಿತದ್ದೇ ಈ ಲೇಖನ.

ಅಂಗಡಿಗೆ ಹೋಗುವ ಮುಂಚೆ ಟೇಪು ಹಿಡಿಯಿರಿ

ತೋಳಿಗೆ ಕಟ್ಟುವ ಮಿಷನ್ ಕೊಳ್ಳಿ. ಮಣಿಕಟ್ಟಿಗೆ ಕಟ್ಟುವುದು ನೋಡಲು ಚೆಂದ, ಆದರೆ ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಲೆಕ್ಕ ತಪ್ಪುತ್ತದೆ. ಮೊಬೈಲ್ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತೇವೆ ಅನ್ನುವ ಆ್ಯಪ್‌ಗಳನ್ನು ನಂಬಬೇಡಿ.

ಬೆಲೆಗಿಂತ ಮುಖ್ಯ ಪಟ್ಟಿಯ ಅಳತೆ. ಬಟ್ಟೆ ಹೊಲಿಯುವವರ ಟೇಪು ತೆಗೆದುಕೊಂಡು ಭುಜಕ್ಕೂ ಮೊಣಕೈಗೂ ಸರಿಯಾಗಿ ಮಧ್ಯದಲ್ಲಿ ತೋಳಿನ ಸುತ್ತಳತೆ ನೋಡಿ. ಪಟ್ಟಿ ಎಷ್ಟು ಸೆಂಟಿಮೀಟರಿನಿಂದ ಎಷ್ಟರವರೆಗಿನ ತೋಳಿಗೆ ಆಗುತ್ತದೆ ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ. ಸಣಕಲು ತೋಳಿಗೆ ದೊಡ್ಡದು ಕಟ್ಟಿದರೆ ಇರುವ ಬಿಪಿ ಮುಚ್ಚಿಹೋಗುತ್ತದೆ. ಗಂಡನ ಅಳತೆಗೆ ತಂದದ್ದನ್ನೇ ಹೆಂಡತಿಗೂ ಅತ್ತೆಗೂ ಕಟ್ಟುವುದು ನಮ್ಮ ಮನೆಗಳ ರೂಢಿ. ಅದು ಎಲ್ಲರಿಗೂ ಸರಿಹೋಗಬೇಕೆಂದಿಲ್ಲ.

ಅಂದಹಾಗೆ, ಈ ಪಟ್ಟಿ ಕಟ್ಟುವ ವಿದ್ಯೆ ಇಟಲಿಯ ರೀವಾ ರೋಚಿ ಎಂಬ ವೈದ್ಯರದು, 1896ರದು. ಆಗ ಗಾಜಿನ ಕೊಳವೆಯಲ್ಲಿ ಪಾದರಸ ಎಷ್ಟು ಮಿಲಿಮೀಟರ್ ಏರಿತು ಎಂದು ನೋಡುತ್ತಿದ್ದರು. ಈಗಿನ ಸೆಲ್ಲಿನ ಮಿಷನ್ನಿನಲ್ಲಿ ಪಾದರಸದ ಹನಿಯೂ ಇಲ್ಲ, ಲೆಕ್ಕ ಮಾತ್ರ ಅದೇ ಮಿಲಿಮೀಟರಿನದು.

ಕೂರುವುದೇ ಅರ್ಧ ಕೆಲಸ

ಅಳೆಯುವ ಅರ್ಧ ಗಂಟೆ ಮುಂಚಿನಿಂದ ಕಾಫಿ, ಟೀ, ಬೀಡಿ, ಸಿಗರೇಟು, ವಾಕಿಂಗ್ ಯಾವುದೂ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ತಡೆದುಕೊಂಡು ಕೂತರೆ ಒತ್ತಡ ಏರುತ್ತದೆ.

ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ ಕೂರಿ. ಪಾದ ಎರಡೂ ನೆಲಕ್ಕೆ ತಾಗಿರಲಿ, ಕಾಲ ಮೇಲೆ ಕಾಲು ಬೇಡ. ಐದು ನಿಮಿಷ ಹಾಗೇ ಇರಿ. ಈ ಐದು ನಿಮಿಷವೇ ಕಷ್ಟ. ಟಿವಿ ಇಲ್ಲ, ಫೋನ್ ಇಲ್ಲ, "ಸಾರಿಗೆ ಒಗ್ಗರಣೆ ಹಾಕಿದೆಯಾ" ಅಂತ ಒಳಗೆ ಕೂಗುವುದೂ ಇಲ್ಲ. ಮಾತಾಡಿದರೆ ಬಿಪಿ ಏರುತ್ತದೆ. ಅಪ್ಪನ ಅಡಿಕೆ ರೇಟಿನ ಮಾತು ಎಷ್ಟು ಏರಿಸಿತ್ತೋ ದೇವರೇ ಬಲ್ಲ.

ತೋಳು ಬರಿದಾಗಿರಲಿ. ಬಿಗಿಯಾದ ರವಿಕೆಯ ತೋಳನ್ನು ಮೇಲೆ ಸರಿಸಿದರೆ ಅದೇ ಇನ್ನೊಂದು ಪಟ್ಟಿಯ ಹಾಗೆ ಹಿಡಿಯುತ್ತದೆ. ಸಡಿಲ ಬಟ್ಟೆ ಹಾಕಿಕೊಳ್ಳಿ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ, ಕೊಳವೆ ತೋಳಿನ ಒಳಮಗ್ಗುಲಿಗೆ ಬರಲಿ.

ಇನ್ನು ಕೈ ಎಲ್ಲಿಡಬೇಕು? ಎದೆಯ ಮಟ್ಟಕ್ಕೆ. ಕುರ್ಚಿಯ ಪಕ್ಕ ಇಳಿಬಿಟ್ಟರೆ ಆಗದು, ಗಾಳಿಯಲ್ಲಿ ಎತ್ತಿ ಹಿಡಿದರೂ ಆಗದು. ಊಟದ ಟೇಬಲ್ಲಿನ ಮೇಲೆ ಒಂದು ದಿಂಬು ಇಟ್ಟು ಅದರ ಮೇಲೆ ಕೈ ಚಾಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ತೋಳು ಎದೆಗಿಂತ 10 ಸೆಂಟಿಮೀಟರ್ ಕೆಳಗಿದ್ದರೆ ಲೆಕ್ಕ ಸುಮಾರು 7-8 ಜಾಸ್ತಿ ತೋರಿಸುತ್ತದೆ. ಒಬ್ಬರಿಗೆ ಮಾತ್ರೆ ಬೇಕೋ ಬೇಡವೋ ಎಂಬುದು ಅಷ್ಟರ ಮೇಲೇ ನಿಂತಿರಬಹುದು, ಅಲ್ವಾ?

ಮೊದಲನೇ ದಿನ ಎರಡೂ ಕೈಯಲ್ಲಿ ನೋಡಿ. ಯಾವ ಕೈಯಲ್ಲಿ ಜಾಸ್ತಿ ಬರುತ್ತದೋ ಮುಂದೆ ಆ ಕೈಯನ್ನೇ ಬಳಸಿ.

ಏಳು ದಿನ, ಒಂದು ಪುಸ್ತಕ

ಬೆಳಿಗ್ಗೆ ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿ ತಿಂಡಿ ಮಾತ್ರೆಗೆ ಮುಂಚೆ ಒಮ್ಮೆ. ರಾತ್ರಿ ಊಟಕ್ಕೆ ಮುಂಚೆ ಒಮ್ಮೆ. ಪ್ರತಿ ಸಲವೂ ಒಂದು ನಿಮಿಷ ಬಿಟ್ಟು ಎರಡು ಬಾರಿ ಅಳೆದು ಎರಡನ್ನೂ ಬರೆಯಿರಿ. ಚೆನ್ನಾಗಿ ಬಂದದ್ದನ್ನು ಮಾತ್ರ ಬರೆಯುವ ಆಸೆ ಬೇಡ.

ವಾರಕ್ಕೆ 28 ಲೆಕ್ಕ ಆಗುತ್ತವೆ. ಮೊದಲ ದಿನದ ನಾಲ್ಕನ್ನು ಬಿಟ್ಟುಬಿಡಿ, ಹೊಸ ಮಿಷನ್ನಿನ ಗಾಬರಿ ಅದರಲ್ಲಿ ಸೇರಿರುತ್ತದೆ. ಉಳಿದ 24ರಲ್ಲಿ ಮೇಲಿನ ಸಂಖ್ಯೆಗಳ ಸರಾಸರಿ ಬೇರೆ, ಕೆಳಗಿನವುಗಳ ಸರಾಸರಿ ಬೇರೆ ತೆಗೆಯಿರಿ. ಆ ಎರಡು ಸರಾಸರಿಯೇ ನಿಮ್ಮ ಬಿಪಿ. ನಿನ್ನೆ ರಾತ್ರಿ ಬಂದ ಒಂದು ದೊಡ್ಡ ನಂಬರು ನಿಮ್ಮ ಬಿಪಿ ಅಲ್ಲ, ಇವತ್ತು ಬಂದ ಚಿಕ್ಕ ನಂಬರೂ ಅಲ್ಲ.

ಮೇಲಿನ ಸಂಖ್ಯೆ ಹೃದಯ ರಕ್ತ ನೂಕುವಾಗಿನ ಒತ್ತಡ. ಕೆಳಗಿನದು ಎರಡು ಬಡಿತದ ನಡುವೆ ಹೃದಯ ಸಡಿಲಾದಾಗಿನದು. ಆಸ್ಪತ್ರೆಯಲ್ಲಿ ಬೇರೆ ಬೇರೆ ದಿನ ನೋಡಿದಾಗಲೂ 140/90 ಅಥವಾ ಮೇಲಿದ್ದರೆ ಸಾಮಾನ್ಯವಾಗಿ ಜಾಸ್ತಿ ಎನ್ನುತ್ತಾರೆ. ಮನೆಯ ಸರಾಸರಿಗೆ ಗೆರೆ ಸ್ವಲ್ಪ ಕೆಳಗಿದೆ, 135/85. ಎರಡರಲ್ಲಿ ಒಂದು ಗೆರೆ ಮುಟ್ಟಿದರೂ ಡಾಕ್ಟರಿಗೆ ತೋರಿಸಬೇಕು. ಕೆಲವರಿಗೆ ಬಿಳಿ ಕೋಟು ಕಂಡರೆ ಸಾಕು, ಬಿಪಿ ಏರುತ್ತದೆ, ಮನೆಯಲ್ಲಿ ಸರಿಯಿರುತ್ತದೆ. ಇನ್ನು ಕೆಲವರದು ಉಲ್ಟಾ. ಆಸ್ಪತ್ರೆಯಲ್ಲಿ ಸರಿ, ಮನೆಯಲ್ಲಿ ಜಾಸ್ತಿ. ಈ ಎರಡನೆಯವರು ಮನೆಯಲ್ಲಿ ಅಳೆಯದಿದ್ದರೆ ಸಿಕ್ಕಿಬೀಳುವುದೇ ಇಲ್ಲ.

ಮಿಷನ್ನಿನಲ್ಲಿ ಬಡಿತ ಏರುಪೇರಾಗಿದೆ ಎಂಬ ಗುರುತು ಮತ್ತೆ ಮತ್ತೆ ಬಂದರೆ ಇಸಿಜಿ ಮಾಡಿಸಿ. ಮಿಷನ್ ಇಲ್ಲ ಅಂತ ಸುಮ್ಮನಿರಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೋಡುತ್ತಾರೆ. 30 ದಾಟಿದವರು ಆಗಾಗ ನೋಡಿಸಿಕೊಳ್ಳುತ್ತಿರಬೇಕು.

ಏರಿದ್ದು ಯಾಕೆ?

ಬಹುಪಾಲು ಜನಕ್ಕೆ ಇಂಥದ್ದೇ ಅಂತ ಒಂದು ಕಾರಣ ಸಿಗುವುದಿಲ್ಲ. ವಯಸ್ಸು, ಮನೆತನ, ತೂಕ, ಉಪ್ಪು, ಮದ್ಯ, ಮೈ ಬಗ್ಗಿಸದ ದಿನಚರಿ, ಎಲ್ಲ ಸೇರಿರುತ್ತವೆ. ಚಿಕ್ಕ ವಯಸ್ಸಿಗೇ ಬಂದರೆ ಅಥವಾ ಮೂರು ಮಾತ್ರೆಗೂ ಬಗ್ಗದಿದ್ದರೆ ಮೂತ್ರಪಿಂಡ, ಹಾರ್ಮೋನು ಗ್ರಂಥಿಗಳ ಕಡೆ ಹುಡುಕುತ್ತಾರೆ. ಜೋರು ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದಂತಾಗುವವರು ಅದನ್ನು ಡಾಕ್ಟರಿಗೆ ತಪ್ಪದೆ ಹೇಳಬೇಕು, ಅದೂ ಕಾರಣವಿರಬಹುದು.

ಅಪ್ಪನ ಪುಸ್ತಕ ನೋಡಿದ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, "ಬೇರೆ ಏನು ನುಂಗ್ತಿದೀರಾ?" ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ತಾವೇ ತಂದು ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗುತ್ತಿದ್ದದ್ದು ಆಗ ಹೊರಬಂತು. ಡೈಕ್ಲೋಫೆನಾಕ್, ಐಬುಪ್ರೊಫೇನ್ ತರಹದವು ಬಿಪಿ ಏರಿಸುತ್ತವೆ. ಮೂಗು ಕಟ್ಟಿದ್ದಕ್ಕೆ ಕೊಡುವ ಕೆಲವು ಶೀತದ ಮಾತ್ರೆ, ಸ್ಟೀರಾಯ್ಡ್, ಗರ್ಭನಿರೋಧಕ ಮಾತ್ರೆಯೂ ಏರಿಸಬಹುದು. ಕೆಮ್ಮಿಗೆ ಅಗಿಯುವ ಜ್ಯೇಷ್ಠಮಧು ಕೂಡ ದಿನವೂ ಜಾಸ್ತಿ ತಿಂದರೆ ಹಾಗೇ. ಮನೆಮದ್ದು ಅಂತ ಡಾಕ್ಟರಿಂದ ಮುಚ್ಚಿಡಬೇಡಿ.

ಉಪ್ಪಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಲೆಕ್ಕ ಹಾಕುವವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದಷ್ಟೂ ಇಲ್ಲ. ನಾಲ್ವರ ಮನೆಗೆ ದಿನಕ್ಕೆ 20 ಗ್ರಾಂ. ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನ ಅದರ ಮೇಲೇ ತಾರೀಕು ಬರೆದಿಡಿ. ನಮ್ಮನೆಯಲ್ಲಿ 31ನೇ ದಿನಕ್ಕೆ ಖಾಲಿ! ಉಪ್ಪಿನಕಾಯಿ ಹಾಕಿದ ತಿಂಗಳೂ ಅಲ್ಲ. ಹಪ್ಪಳ, ಬಾಳಕ, ಬೇಕರಿ ಬ್ರೆಡ್ಡಿನ ಉಪ್ಪು ಬೇರೆ ಲೆಕ್ಕ. ಸೈಂಧವ ಲವಣ, ಕಲ್ಲುಪ್ಪು ಅಂದರೆ ಪರವಾಗಿಲ್ಲ ಅನ್ನುವವರಿದ್ದಾರೆ. ಅವೂ ಬಹುಪಾಲು ಅದೇ ಉಪ್ಪೇ. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪನ್ನು ಮೂತ್ರಪಿಂಡದ ತೊಂದರೆ ಇರುವವರು, ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಬಳಸಬಾರದು.

ಯಾವಾಗ ಓಡಬೇಕು?

180/120 ಅಥವಾ ಅದಕ್ಕೂ ಮೇಲೆ ಬಂದು, ಜೊತೆಗೆ ಎದೆನೋವು, ಏದುಸಿರು, ತಡೆಯಲಾರದ ತಲೆನೋವು, ಕಣ್ಣು ಮಂಜು, ಬಾಯಿ ಸೊಟ್ಟ, ಮಾತು ತೊದಲು, ಒಂದು ಪಕ್ಕದ ಕೈಕಾಲು ಸೋಲು ಯಾವುದಿದ್ದರೂ 108ಕ್ಕೆ ಫೋನ್ ಮಾಡಿ. ಬಾಯಿ ಸೊಟ್ಟ ಆದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಬಿಪಿ ಎಷ್ಟಿದೆ ಅಂತ ನೋಡುತ್ತಲೂ ಕೂರಬೇಡಿ. ಮೆದುಳಿನ ರಕ್ತದ ಗಂಟು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯೊಳಗಿನ ಸಮಯವಷ್ಟೇ ಸಾಮಾನ್ಯವಾಗಿ ಸಿಗುವುದು.

ತೊಂದರೆ ಏನೂ ಇಲ್ಲ, ನಂಬರು ಮಾತ್ರ ದೊಡ್ಡದು ಅಂದರೆ ಐದು ನಿಮಿಷ ಕೂತು ಮತ್ತೆ ಅಳೆಯಿರಿ. ಆಗಲೂ ಹಾಗೇ ಇದ್ದರೆ ಅವತ್ತೇ ಡಾಕ್ಟರಿಗೆ ಹೇಳಿ. ಪಕ್ಕದ ಮನೆಯವರ ಮಾತ್ರೆ ತಂದು ನಾಲಿಗೆ ಕೆಳಗಿಟ್ಟು ಇಳಿಸುವ ಸಾಹಸ ಬೇಡ. ಒಮ್ಮೆಲೇ ಕುಸಿದರೆ ಮೆದುಳಿಗೆ ರಕ್ತ ಸಾಲದೆ ಹೋಗಬಹುದು.

ಬಸುರಿಯರಿಗೆ ಈ ಗೆರೆ ಬೇರೆ. 140/90 ಬಂದರೇ ತಡಮಾಡದೆ ಅವತ್ತೇ ತೋರಿಸಬೇಕು. ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಇದ್ದರಂತೂ ಒಂದು ಗಂಟೆಯೂ ಕಾಯಬಾರದು.

ಮಾತ್ರೆ ಶುರುವಾದ ಮೇಲೆ

"ಈಗ ನಾರ್ಮಲ್ ಬರ್ತಿದೆ, ಬಿಟ್ಟೆ" ಅನ್ನುವ ಮಾತು ಎಲ್ಲ ಮನೆಯಲ್ಲೂ ಕೇಳಿಸುತ್ತದೆ. ನಾರ್ಮಲ್ ಬರುತ್ತಿರುವುದು ಮಾತ್ರೆಯಿಂದ, ಸ್ವಾಮಿ. ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಒತ್ತಡ ಮೊದಲಿಗಿಂತ ಮೇಲೆ ಹಾರುತ್ತದೆ. ತೂಕ, ಉಪ್ಪು ಇಳಿಸಿದವರಿಗೆ ಡೋಸ್ ಕಡಿಮೆಯಾಗುವುದುಂಟು, ಆದರೆ ಅದನ್ನು ಡಾಕ್ಟರು ಪುಸ್ತಕ ನೋಡಿ ಹೇಳಬೇಕು.

ಜನ ಮಾತ್ರೆ ಬಿಡುವುದಕ್ಕೆ ಇನ್ನೊಂದು ಕಾರಣ ಅದರ ಕಿರಿಕಿರಿ. ಆಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದದ ಗಂಟಿನ ಹತ್ತಿರ ಊದಿಕೊಳ್ಳುತ್ತದೆ. ರಾಮಿಪ್ರಿಲ್, ಎನಾಲಾಪ್ರಿಲ್‌ನಿಂದ ಒಣಕೆಮ್ಮು ಬರಬಹುದು. ಕೆಮ್ಮಿಗೆ ತಿಂಗಳುಗಟ್ಟಲೆ ಸಿರಪ್ ಕುಡಿಯುವ ಬದಲು ಹೋಗಿ ಹೇಳಿದರೆ ಬೇರೆ ಗುಂಪಿನ ಮಾತ್ರೆ ಬರೆದುಕೊಡುತ್ತಾರೆ. ಎದ್ದು ನಿಂತಾಗ ತಲೆ ತಿರುಗಿದರೆ ನಿಂತೇ ಒಮ್ಮೆ ಬಿಪಿ ನೋಡಿ, ಅದನ್ನೂ ಬರೆಯಿರಿ.

ಅಪ್ಪನ ಸರಾಸರಿ ಕೊನೆಗೆ 141/86 ಬಂತು. 168ರ ಗಾಬರಿ ಸುಳ್ಳಾಯಿತು, ಆದರೆ ಬಿಪಿ ಇರುವುದು ನಿಜವಾಯಿತು. ನೋವಿನ ಮಾತ್ರೆ ನಿಂತು, ಮಂಡಿಗೆ ವ್ಯಾಯಾಮ ಶುರುವಾಯಿತು. ಬಿಪಿಗೆ ಸದ್ಯ ಒಂದು ಚಿಕ್ಕ ಮಾತ್ರೆ. ವರ್ಷಕ್ಕೊಮ್ಮೆ ನಮ್ಮ ಮಿಷನ್ನನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮಿಷನ್ನಿನ ಜೊತೆ ತಾಳೆ ನೋಡುತ್ತೇವೆ. ಪುಸ್ತಕ ಅಪ್ಪನೇ ಬರೆಯುತ್ತಾರೆ. ನಂಬರು ಏರಿದ ದಿನ ಪಕ್ಕದಲ್ಲಿ ಕಾರಣವೂ ಇರುತ್ತದೆ. ಹೋದ ತಿಂಗಳು 19ನೇ ತಾರೀಕಿನ 152ರ ಎದುರು ಹೀಗಿತ್ತು: "ಮದುವೆ ಊಟ. ಮಾವಿನ ಮಿಡಿ ನಾಲ್ಕು."