ವಿಕಲಚೇತನರ ಸೇವಾ ಕೇಂದ್ರ ತೆರೆಯುವಿರಾ? ಮೊದಲು ನೋಂದಣಿ ಮಾಡಿಸಿ

ಬೌದ್ಧಿಕ ವಿಕಲತೆಯುಳ್ಳ ಮಗುವನ್ನು ಥೆರಪಿಗೆಂದು ಘಟ್ಟ ಇಳಿಸಿ, ಮತ್ತೆ ಘಟ್ಟ ಹತ್ತಿಸುವ ತಾಯಂದಿರು ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿದ್ದಾರೆ. ಊರಿನಲ್ಲೇ ಒಂದು ಹಗಲು ಆರೈಕೆ ಕೇಂದ್ರವಿದ್ದರೆ ಅವರ ಬದುಕು ಎಷ್ಟೋ ಹಗುರವಾಗುತ್ತದೆ. ಅಂಥ ಕೇಂದ್ರ ತೆರೆಯಲು ಮುಂದಾಗುವವರು ಬಹಳ ಸಲ ಎಡವುವುದು ಒಂದೇ ಕಡೆ: ಸಂಘ ನೋಂದಣಿಯಾಯಿತು, ಇನ್ನು ಮಕ್ಕಳನ್ನು ಸೇರಿಸಿಕೊಳ್ಳಬಹುದು ಎಂದುಕೊಳ್ಳುತ್ತಾರೆ. ಅಷ್ಟು ಸಾಲದು.

ಸಂಘದ ನೋಂದಣಿ ಮೊದಲ ಮೆಟ್ಟಿಲು ಮಾತ್ರ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಮಂದಿ ಸೇರಿ ಸಂಘ ಕಟ್ಟಬಹುದು. ಟ್ರಸ್ಟ್ ಮಾಡುವುದಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರ ನೋಂದಾಯಿಸಬೇಕು. ಉದ್ದೇಶಗಳನ್ನು ಬರೆಯುವಾಗ ವಿಕಲಚೇತನರ ಆರೈಕೆ, ಶಿಕ್ಷಣ, ಪುನರ್ವಸತಿ ಎಂದು ಸ್ಪಷ್ಟವಾಗಿ ನಮೂದಿಸಿ. ಬರೀ 'ಸಮಾಜಸೇವೆ' ಎಂದಿದ್ದರೆ ಮುಂದೆ ತೊಡಕಾಗಬಹುದು. ಪ್ಯಾನ್ ಮತ್ತು ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆಯನ್ನು ಆಗಲೇ ಮಾಡಿಸಿಕೊಳ್ಳಿ. ಸರ್ಕಾರದ ಅನುದಾನ ಬಯಸುವವರು ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲೂ ಗುರುತಿನ ಸಂಖ್ಯೆ ಪಡೆಯಬೇಕು.

ಮುಖ್ಯವಾದದ್ದು ಇನ್ನೊಂದು ನೋಂದಣಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 50ನೇ ಕಲಮಿನಂತೆ ಪ್ರಮಾಣಪತ್ರವಿಲ್ಲದೆ ಯಾರೂ ವಿಕಲಚೇತನರ ಸಂಸ್ಥೆ ನಡೆಸುವಂತಿಲ್ಲ. ವಸತಿ ಶಾಲೆಗೆ ಮಾತ್ರ ಈ ನಿಯಮ ಎಂದು ತಿಳಿಯಬೇಡಿ. ಆರೈಕೆ, ತರಬೇತಿ, ಪುನರ್ವಸತಿ ಎಲ್ಲವೂ ಕಾಯ್ದೆ ಹೇಳುವ 'ಸಂಸ್ಥೆ'ಯೊಳಗೆ ಬರುತ್ತವೆ. ಉಲ್ಲಂಘನೆಗೆ ಮೊದಲ ಸಲ 10,000 ರೂಪಾಯಿವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ.

ಈ ಪ್ರಮಾಣಪತ್ರಕ್ಕಾಗಿ ಕಾರವಾರದಲ್ಲಿರುವ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸಿ, ಅರ್ಜಿ ನಮೂನೆ ಮತ್ತು ದಾಖಲೆಗಳ ಪಟ್ಟಿ ಪಡೆಯಿರಿ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಹೋಗಬೇಕಾದವರು ಮೊದಲೇ ದೂರವಾಣಿಯಲ್ಲಿ ವಿಚಾರಿಸಿಕೊಂಡರೆ ಒಂದು ಕಾಗದಕ್ಕಾಗಿ ಮತ್ತೊಮ್ಮೆ ಅಷ್ಟು ದೂರ ಅಲೆಯುವುದು ತಪ್ಪುತ್ತದೆ.

ಅರ್ಜಿ ಸಲ್ಲಿಸಿದ ಮೇಲೆ ವಿಚಾರಣೆ ನಡೆಯುತ್ತದೆ. ಸೌಲಭ್ಯಗಳು ನಿಗದಿತ ಮಟ್ಟದಲ್ಲಿಲ್ಲದಿದ್ದರೆ ಪ್ರಮಾಣಪತ್ರ ಸಿಗದು. ಆದ್ದರಿಂದ ಕಟ್ಟಡ ಬಾಡಿಗೆಗೆ ಹಿಡಿಯುವಾಗಲೇ ಎಚ್ಚರ ಬೇಕು. ನಮ್ಮ ಕಡೆಯ ಹಳೆಯ ಮನೆಗಳಿಗೆ ಎತ್ತರದ ಜಗುಲಿ, ಕಡಿದಾದ ಚಿರೆಕಲ್ಲಿನ ಮೆಟ್ಟಿಲು. ಗಾಲಿಕುರ್ಚಿಯ ಇಳಿಜಾರಿಗೆ 1:12ರ ಅನುಪಾತ ಬೇಕು. ಅಂದರೆ 2 ಅಡಿ ಎತ್ತರದ ಜಗುಲಿಗೆ 24 ಅಡಿ ಉದ್ದದ ಇಳಿಜಾರು. ಅಂಗಳದಲ್ಲಿ ಅಷ್ಟು ಜಾಗವಿದೆಯೇ ಎಂದು ಅಳೆದು ನೋಡಿ. ಅದಕ್ಕೆ ನುಣುಪಾದ ಗ್ರಾನೈಟ್ ಹಾಸಲೇಬೇಡಿ. ಮಳೆಗಾಲದಲ್ಲಿ ಪಾಚಿ ಹಿಡಿದು ಮಕ್ಕಳು ಜಾರಿ ಬೀಳುತ್ತಾರೆ. ಶೌಚಾಲಯದ ಬಾಗಿಲಿನಲ್ಲಿ ಗಾಲಿಕುರ್ಚಿ ಹೋಗುವುದೋ ಎಂದು ಒಂದನ್ನು ತಂದು ನೂಕಿಯೇ ಪರೀಕ್ಷಿಸಿ.

ಸಿಬ್ಬಂದಿಯ ವಿಷಯದಲ್ಲೂ ರಾಜಿ ಬೇಡ. ವಿಶೇಷ ಶಿಕ್ಷಕರಾಗಿ ಕೆಲಸ ಮಾಡುವವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿರಬೇಕು. ಅಂಥವರು ಒಳನಾಡಿನಲ್ಲಿ ಸುಲಭವಾಗಿ ಸಿಗುವುದಿಲ್ಲ, ನಿಜ. ಹಾಗೆಂದು ಅರ್ಹತೆಯಿಲ್ಲದವರ ಕೈಗೆ ಮಕ್ಕಳನ್ನು ಒಪ್ಪಿಸುವುದು ದೊಡ್ಡ ತಪ್ಪು.

ಅರ್ಜಿ ತಲುಪಿದ 90 ದಿನಗಳೊಳಗೆ ತೀರ್ಮಾನವಾಗಬೇಕು. ತಿರಸ್ಕರಿಸುವ ಮುನ್ನ ನಿಮ್ಮ ಮಾತು ಕೇಳಲೇಬೇಕೆಂದು ಕಾಯ್ದೆ ಹೇಳುತ್ತದೆ, ಮೇಲ್ಮನವಿಗೂ ಅವಕಾಶವಿದೆ. ಸ್ವೀಕೃತಿ ಪತ್ರವನ್ನು ದಿನಾಂಕ ಸಮೇತ ಜೋಪಾನ ಮಾಡಿ. ಕಾಯುವ ಈ ಅವಧಿಯಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಭೇಟಿಯಾಗಿ. ಯಾವ ಮನೆಯಲ್ಲಿ ಯಾರಿಗೆ ಯಾವ ನೆರವು ಬೇಕೆಂದು ಅವರಷ್ಟು ಬಲ್ಲವರು ಅಪರೂಪ.

ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕುವುದು ಕಡ್ಡಾಯ. ಅವಧಿ ಮುಗಿಯಲು ಕನಿಷ್ಠ 60 ದಿನ ಇರುವಾಗಲೇ ನವೀಕರಣಕ್ಕೆ ಅರ್ಜಿ ಕೊಡಬೇಕು. ಜುಲೈ, ಆಗಸ್ಟ್‌ನಲ್ಲಿ ಮುಗಿಯುವುದಿದ್ದರೆ ಏಪ್ರಿಲ್‌ನಲ್ಲೇ ಕೊಟ್ಟುಬಿಡಿ; ಮಳೆ ಹಿಡಿದ ಮೇಲೆ ಗುಡ್ಡ ಕುಸಿದು ರಸ್ತೆ ಯಾವಾಗ ಮುಚ್ಚುವುದೋ ಹೇಳಲಾಗದು.